ಸ್ಕಾರ್ಲೆಟ್ 2ಐ2, ಮೂರನೇ ಆವೃತ್ತಿ: ಗಿಟಾರ್ ಒಂದೇ ಕಿವಿಗೆ ಯಾಕೆ?

ಬೆಳಗಾವಿಯಲ್ಲಿ ಮನೆಯಲ್ಲೇ ಗಿಟಾರ್ ರೆಕಾರ್ಡ್ ಮಾಡುವವರಿಗೆ ಗಿಟಾರನ್ನು ಕಂಪ್ಯೂಟರಿಗೆ ಜೋಡಿಸುವ ಈ ಪೆಟ್ಟಿಗೆ (ಆಡಿಯೊ ಇಂಟರ್‌ಫೇಸ್) ಧಾರಾಳವಾಗಿ ಸಾಕು. ದನಿ ಎಡಗಿವಿಗಷ್ಟೇ ಬಂತೆಂದು ಅಂಗಡಿಗೆ ವಾಪಸ್ ಒಯ್ಯಬೇಡಿ. ಇನ್‌ಪುಟ್ 1 ಎಂದರೆ ಎಡ, 2 ಎಂದರೆ ಬಲ. 1ಕ್ಕಷ್ಟೇ ಗಿಟಾರ್ ಚುಚ್ಚಿ ಸ್ಟೀರಿಯೊ (ಎಡ-ಬಲ ಬೇರೆಬೇರೆ) ಟ್ರ್ಯಾಕ್ ತೆರೆದರೆ ಬಲದ, ಅಂದರೆ ಕೆಳಗಿನ, ಗೆರೆ ಸಪಾಟಾಗಿಯೇ ಉಳಿಯುತ್ತದೆ. ರೆಕಾರ್ಡಿಂಗ್ ತಂತ್ರಾಂಶ ರೀಪರ್ ಆದರೆ ಟ್ರ್ಯಾಕ್‌ನ ಇನ್‌ಪುಟ್ ಅನ್ನು ಮೊನೊ (ಎರಡೂ ಕಿವಿಗೆ ಒಂದೇ ದನಿ), 1ಕ್ಕೆ ಇಡಿ. ಒಡಾಸಿಟಿ ತಂತ್ರಾಂಶದಲ್ಲಿ ಆಗಲೇ ನುಡಿಸಿದ್ದರೆ 'ಸ್ಪ್ಲಿಟ್ ಸ್ಟೀರಿಯೊ ಟು ಮೊನೊ' ಒತ್ತಿ, ಖಾಲಿ ಟ್ರ್ಯಾಕ್ ಅಳಿಸಿದರಾಯಿತು. ಮತ್ತೆ ನುಡಿಸುವ ತೊಂದರೆ ಬೇಡ.

ನುಡಿಸುವಾಗಲೇ ಒಂದು ಕಿವಿ ಖಾಲಿಯಿದ್ದರೆ ಡೈರೆಕ್ಟ್ ಮಾನಿಟರ್ (ನುಡಿಸಿದ್ದನ್ನು ಪೆಟ್ಟಿಗೆಯಿಂದಲೇ ನೇರ ಕೇಳಿಸುವ ಗುಂಡಿ) ಸ್ಟೀರಿಯೊದಲ್ಲಿದೆ, ಮೊನೊಗೆ ತನ್ನಿ. ಆಗಲೂ ಸರಿಹೋಗದಿದ್ದರೆ ಹೆಡ್‌ಫೋನಿನ 6.35 ಮಿಮೀ ಅಡಾಪ್ಟರ್ ನೋಡಿ: ಪಿನ್ನಿನ ಮೇಲೆ ಎರಡು ಕಪ್ಪು ಉಂಗುರ ಇರಲೇಬೇಕು. ಒಂದೇ ಇದ್ದರೆ ಅದು ಮೊನೊ, ಗಿಟಾರ್ ಕೇಬಲ್ಲಿನಂತೆ. ಖಡೇಬಜಾರಿನಲ್ಲಿ ಕೊಳ್ಳುವಾಗಲೇ ಎಣಿಸಿಕೊಳ್ಳಿ. ಇನ್‌ಸ್ಟ್ (INST, ಗಿಟಾರಿನಂಥ ವಾದ್ಯಕ್ಕೆಂದಿರುವ) ಗುಂಡಿಯನ್ನೂ ಮರೆಯಬೇಡಿ, ಒತ್ತದಿದ್ದರೆ ದನಿ ಮಂಕು.