ಸತ್ತ ಬ್ಯಾಟರಿಯನ್ನು ಎಬ್ಬಿಸಲು ಹೋಗಬೇಡಿ

ಮೊದಲೇ ಹೇಳಿಬಿಡುತ್ತೇನೆ, ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿಗೆ ಬೆಂಕಿ ಹತ್ತಿದರೂ ನಮ್ಮ ಮನೆಯಲ್ಲಿ ಯಾರ ಜೀವಕ್ಕೂ ಏನೂ ಆಗಲಿಲ್ಲ. ಮಾವನವರು ಹೊಗೆ ಕುಡಿದು ಎರಡು ದಿನ ಆಸ್ಪತ್ರೆಯಲ್ಲಿದ್ದರು, ಈಗ ಚೆನ್ನಾಗಿದ್ದಾರೆ. ಆದರೆ ಹಾಲ್‌ನ ಗೋಡೆ ಇನ್ನೂ ಕಪ್ಪಾಗಿದೆ, ನೋಡಿದಾಗೆಲ್ಲ ಸಂಕಟವಾಗುತ್ತದೆ. ಎಲೆಕ್ಟ್ರಿಕ್ ಸ್ಕೂಟರ್ ಇಟ್ಟುಕೊಂಡಿರುವವರು, ಅದರಲ್ಲೂ ತಿಂಗಳುಗಟ್ಟಲೆ ಊರು ಬಿಟ್ಟು ಹೋಗುವವರು, ದಯವಿಟ್ಟು ಇದನ್ನು ಪೂರ್ತಿ ಓದಿ.

ನಾವಿರುವುದು ತುಮಕೂರಿನ ಕ್ಯಾತ್ಸಂದ್ರದಲ್ಲಿ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಲೈನಿಂಗ್ ಬಟ್ಟೆ, ದಾರ, ಹುಕ್ಕು ತರಲು ಚಿಕ್ಕಪೇಟೆಗೆ ಹೋಗಿಬರಬೇಕಲ್ವಾ, ಅದಕ್ಕೆ ಒಂದು ಸಣ್ಣ ಗಾಡಿ ತೆಗೆದುಕೊಂಡಿದ್ದೆ. ಗಂಟೆಗೆ 25 ಕಿ.ಮೀ. ದಾಟದ, 250 ವ್ಯಾಟ್ ಒಳಗಿನ ಮೋಟಾರಿನ, ಲೈಸೆನ್ಸೂ ನೋಂದಣಿಯೂ ಬೇಡದ ಗಾಡಿ. 60 ವೋಲ್ಟಿನ ಲಿಥಿಯಂ ಬ್ಯಾಟರಿಯನ್ನು ಸೀಟಿನ ಕೆಳಗಿಂದ ಎತ್ತಿ ತಂದು ಮನೆಯೊಳಗೇ ಚಾರ್ಜ್ ಮಾಡುತ್ತಿದ್ದೆ.

ಮಾರ್ಚ್ ಕೊನೆಯಲ್ಲಿ ಮಗಳ ಬಾಣಂತನಕ್ಕೆ ಹಾಸನಕ್ಕೆ ಹೊರಟೆ. ಹಿಂದಿನ ದಿನ ಪೇಟೆ ಸುತ್ತಿ ಬಂದಾಗ ಮೀಟರಿನಲ್ಲಿ ಒಂದೇ ಕಡ್ಡಿ ಉಳಿದಿತ್ತು. ವಾಪಸ್ ಬಂದಮೇಲೆ ಚಾರ್ಜ್‌ಗೆ ಹಾಕಿದರಾಯಿತು ಅಂದುಕೊಂಡು, ಗಾಡಿಯನ್ನು ಹಿತ್ತಲಿನ ಶೀಟಿನ ಶೆಡ್ಡಿನಲ್ಲಿ ನಿಲ್ಲಿಸಿ ಹೋದೆ. ಯಜಮಾನರು ಬಸ್ಸಿನಲ್ಲಿ ಓಡಾಡುವವರು. ಮೂರು ತಿಂಗಳು ಅದನ್ನು ಯಾರೂ ಮುಟ್ಟಲಿಲ್ಲ. ಏಪ್ರಿಲ್, ಮೇ ಬಿಸಿಲಿಗೆ ಆ ಶೀಟಿನ ಕೆಳಗೆ ಐದು ನಿಮಿಷ ನಿಲ್ಲುವುದಕ್ಕೂ ಆಗುವುದಿಲ್ಲ.

ಜೂನ್ ಕೊನೆಗೆ ಬಂದು ಕೀ ತಿರುಗಿಸಿದರೆ ಒಂದು ಲೈಟೂ ಇಲ್ಲ. ಚಾರ್ಜರ್ ಚುಚ್ಚಿದರೆ ಅದರ ದೀಪ ಕೆಂಪಾಗಲೇ ಇಲ್ಲ, ಹಸಿರಾಗಿಯೇ ಇತ್ತು. ಅಂದರೆ ಬ್ಯಾಟರಿ ಕರೆಂಟನ್ನೇ ತೆಗೆದುಕೊಳ್ಳುತ್ತಿರಲಿಲ್ಲ. ಗಾಡಿ ಕೊಟ್ಟ ಅಂಗಡಿಯವರು, ಇದು ಹೋಯಿತು, ಹೊಸದೇ ಹಾಕಿಸಬೇಕು ಅಂದರು. ಇಪ್ಪತ್ತೈದು ಸಾವಿರದ ಮೇಲೆ. ಅಷ್ಟು ದುಡ್ಡು ಎಲ್ಲಿಂದ ತರಲಿ? ಯಾರೋ ಹೇಳಿದರು ಅಂತ ಪೇಟೆಯ ಒಂದು ರಿಪೇರಿ ಅಂಗಡಿಗೆ ಹೋದೆ. ಅಲ್ಲಿನ ಹುಡುಗ ಪ್ಯಾಕ್ ಬಿಚ್ಚಿ ನೋಡಿ, "ಅಕ್ಕ, ಬಿಎಂಎಸ್ ಲಾಕ್ ಆಗಿದೆ ಅಷ್ಟೇ. ಡೈರೆಕ್ಟಾಗಿ ಸ್ವಲ್ಪ ಕರೆಂಟ್ ಕೊಟ್ರೆ ಎದ್ದುಬಿಡುತ್ತೆ" ಅಂದ. ಬಿಎಂಎಸ್ ಅಂದರೆ ಪ್ಯಾಕಿನ ಒಳಗೇ ಇದ್ದು ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್. ಎರಡು ವೈರು ಕಚ್ಚಿಸಿ ಅರ್ಧ ಗಂಟೆ ಬಿಟ್ಟ. ನಿಜವಾಗಿಯೂ ಎದ್ದಿತು! ಸಾವಿರದ ಇನ್ನೂರು ರೂಪಾಯಿ. ಹೊರಡುವಾಗ, "ಮತ್ತೆ ಲಾಕ್ ಆಗದ ಹಾಗೆ ಮಾಡಿದ್ದೀನಿ ಅಕ್ಕ" ಅಂತಲೂ ಹೇಳಿದ. ಆ ಮಾತಿಗೆ ನಾನು ಭಯಪಡಬೇಕಿತ್ತು. ಖುಷಿಪಟ್ಟೆ.

ಹನ್ನೊಂದು ದಿನ ಓಡಿತು. ಚಾರ್ಜ್ ಆಗುವಾಗ ಮುಂಚೆಗಿಂತ ಜಾಸ್ತಿ ಬಿಸಿ ಆಗುತ್ತಿತ್ತು. ಹೊಸದಾಗಿ ರಿಪೇರಿ ಆಗಿದೆ, ಹಾಗೇ ಇರಬೇಕು ಅಂದುಕೊಂಡೆ.

ಅವತ್ತು ರಾತ್ರಿ ಹತ್ತೂವರೆ. ಮದುವೆ ಮನೆಯ ಬ್ಲೌಸ್‌ಗಳು ಬಾಕಿ ಇದ್ದವು, ಅದಕ್ಕೇ ಎಚ್ಚರವಿದ್ದೆ. ಬ್ಯಾಟರಿ ಮುಂಬಾಗಿಲ ಪಕ್ಕದ ಚಪ್ಪಲಿ ಸ್ಟ್ಯಾಂಡಿನ ಮೇಲೆ ಚಾರ್ಜ್ ಆಗುತ್ತಿತ್ತು. ಮೊದಲು ವಾಸನೆ ಬಂತು. ಉಗುರು ಬಣ್ಣ ಅಳಿಸುವ ದ್ರವದ ಹಾಗೆ, ಸ್ವಲ್ಪ ಸಿಹಿ ಸಿಹಿ. ಮಿಷನ್ ನಿಲ್ಲಿಸಿದೆ. ಆಗ ಸದ್ದು ಕೇಳಿಸಿತು, ಕುಕ್ಕರ್ ಕೂಗುವ ಮೊದಲು ಸಣ್ಣಗೆ ಸುಯ್ ಅನ್ನುತ್ತದಲ್ಲ, ಹಾಗೆ. ಹತ್ತಿರ ಹೋಗಿ ನೋಡುವಷ್ಟರಲ್ಲಿ ಪೆಟ್ಟಿಗೆಯ ಒಂದು ಪಕ್ಕ ಉಬ್ಬಿ, ಸುತ್ತಿದ್ದ ಟೇಪು ಬಿರಿದು, ಬುಸ್ ಅಂತ ಬಿಳಿ ಹೊಗೆ ಬಂತು. ಆಮೇಲೆ ಪಟಪಟ ಪಟಾಕಿ ಸಿಡಿದ ಹಾಗೆ ಬೆಂಕಿ. ಹೊರಗೆ ಹೋಗುವ ಬಾಗಿಲ ಪಕ್ಕದಲ್ಲೇ ಬೆಂಕಿ! ಮಾವನವರು ಹಾಲ್‌ನಲ್ಲೇ ಮಂಚದ ಮೇಲೆ ಮಲಗಿದ್ದರು. ಯಜಮಾನರು ಅವರನ್ನು ಎತ್ತಿಕೊಂಡು ಅಡುಗೆಮನೆಯ ಬಾಗಿಲಿನಿಂದ ಹಿತ್ತಲಿಗೆ ಓಡಿದರು. ಆ ಬಾಗಿಲೊಂದು ಇಲ್ಲದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಪಕ್ಕದ ಮನೆಯವರು ಮೇನ್ ಆಫ್ ಮಾಡಿ 112ಕ್ಕೆ ಫೋನ್ ಮಾಡಿದರು. ಅಗ್ನಿಶಾಮಕದವರು ಬಂದು ನೀರು ಹಾಕಿದರು, ಆರಿತು. ಒಂದು ಗಂಟೆ ಬಿಟ್ಟು ಅದೇ ಪ್ಯಾಕ್ ಮತ್ತೆ ಹೊಗೆಯಾಡಿತು. ಲಿಥಿಯಂ ಬ್ಯಾಟರಿ ಹೀಗೆಯೇ. ಒಳಗಿನ ಬಿಸಿ ಪೂರ್ತಿ ತಣಿಯದಿದ್ದರೆ ಗಂಟೆಗಟ್ಟಲೆ ಆದಮೇಲೂ ಹೊತ್ತಿಕೊಳ್ಳಬಹುದು. ಆ ಹೊಗೆಯೂ ವಿಷ. ನೀವೇ ಆರಿಸಲು ನಿಲ್ಲಬೇಡಿ, ಮನೆಯವರನ್ನೆಲ್ಲ ಹೊರಗೆ ಕರೆದುಕೊಂಡು ಬನ್ನಿ.

ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಬ್ಯಾಟರಿ ಪ್ಯಾಕ್ ಜೋಡಿಸುವ ಕಡೆ ಕೆಲಸ ಮಾಡುತ್ತಾನೆ. ಸುಟ್ಟ ಪ್ಯಾಕ್ ನೋಡಲು ಬಂದವನು ಅಂಗಳದಲ್ಲಿ ಕೂತು ಬಿಡಿಸಿ ಹೇಳಿದ. "ಚಿಕ್ಕಮ್ಮ, ಗಾಡಿ ಸುಮ್ನೆ ನಿಂತಿದ್ರೂ ಬ್ಯಾಟರಿ ಸುಮ್ನೆ ಇರಲ್ಲ." ಕೀ ತೆಗೆದರೂ ಬಿಎಂಎಸ್, ಅಲಾರಂ ಇವೆಲ್ಲ ಚೂರುಚೂರೇ ಕರೆಂಟ್ ಕುಡಿಯುತ್ತಲೇ ಇರುತ್ತವೆಯಂತೆ. ನಮ್ಮಂಥ ಪ್ಯಾಕಿನಲ್ಲಿ ಒಂದೊಂದು ಸೆಲ್ ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್ ಇರುತ್ತದೆ. ಅದು ಸುಮಾರು 2.5ಕ್ಕಿಂತ ಕೆಳಗೆ ಹೋಗಬಾರದು. ತೀರಾ ಇಳಿದು ಹಾಗೇ ಉಳಿದರೆ ಒಳಗಿರುವ ತಾಮ್ರದ ಹಾಳೆ ಕರಗಲು ಶುರುವಾಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಎಲ್ಲೆಲ್ಲೋ ಹೋಗಿ ಕೂತು ಒಳಗೊಳಗೇ ಶಾರ್ಟ್ ಆಗಬಹುದು. ಹಾಗಾಗಬಾರದು ಅಂತಲೇ ಬಿಎಂಎಸ್ ಲಾಕ್ ಆಗಿದ್ದು. ನಾನು ದುಡ್ಡು ಕೊಟ್ಟು ಆ ಕಾವಲುಗಾರನನ್ನೇ ತೆಗೆಸಿದ್ದೆ.

ಊರಿಗೆ ಹೋಗುವಾಗ ಬ್ಯಾಟರಿ ಅರ್ಧದಷ್ಟು ಚಾರ್ಜ್ ಇರಲಿ, ಖಾಲಿಯೂ ಬೇಡ, ಫುಲ್ಲೂ ಬೇಡ. ಮನೆಯ ಯುಪಿಎಸ್‌ನಲ್ಲಿರುವ ಆಸಿಡ್ ಬ್ಯಾಟರಿ ತುಂಬಿದ್ದರೇ ಒಳ್ಳೆಯದು, ಲಿಥಿಯಂ ಹಾಗಲ್ಲ. ಪೂರ್ತಿ ಖಾಲಿ ಮಾಡಿಯೇ ಚಾರ್ಜ್ ಮಾಡಬೇಕು ಅನ್ನುವುದೂ ಹಳೇ ನಿಕ್ಕಲ್ ಬ್ಯಾಟರಿ ಕಾಲದ ಮಾತು. ಸೀಟಿನ ಕೆಳಗೆ ಎಂಸಿಬಿ, ಅಂದರೆ ಬ್ಯಾಟರಿಯ ಕರೆಂಟ್ ಕಡಿಯುವ ಸ್ವಿಚ್, ಇದ್ದರೆ ಅದನ್ನು ಆಫ್ ಮಾಡಿ, ಬ್ಯಾಟರಿ ಹೊರಗೆ ಬರುವಂಥದ್ದಾದರೆ ಕನೆಕ್ಟರ್ ಬಿಚ್ಚಿ. ಶೀಟಿನ ಕೆಳಗೆ ಬೇಡ, ತಂಪಾದ ಒಣ ಜಾಗದಲ್ಲಿ ಕಲ್ಲು ನೆಲದ ಮೇಲೆ, ಬಟ್ಟೆ ಪೇಪರ್ ಹತ್ತಿರವಿಲ್ಲದ ಕಡೆ ಇಡಿ. ತಿಂಗಳಿಗೊಮ್ಮೆ ಯಾರಾದರೂ ನೋಡಿ, ಇಳಿದಿದ್ದರೆ ಮತ್ತೆ ಅರ್ಧಕ್ಕೆ ತರಲಿ. ಚಾರ್ಜ್ ಮಾಡುವುದು ಗಾಡಿಯ ಜೊತೆ ಬಂದ ಚಾರ್ಜರಿನಲ್ಲಿ ಮಾತ್ರ, ಎಚ್ಚರವಿರುವಾಗ ಮಾತ್ರ. ಬಾಗಿಲ ಹತ್ತಿರವಂತೂ ಖಂಡಿತ ಬೇಡ.

ಹಾಳಾದ ಬ್ಯಾಟರಿಯನ್ನು ಗುಜರಿಗೆ ಹಾಕಬೇಡಿ, ಅಲ್ಲಿ ಸುತ್ತಿಗೆ ಹಿಡಿದು ಒಡೆಯುವವರ ಕೈ ಸುಡುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆಯದನ್ನು ವಾಪಸ್ ಪಡೆಯುವ ಹೊಣೆ ತಯಾರಕರದ್ದು, ಕೊಂಡ ಅಂಗಡಿಯಲ್ಲಿ ಕೇಳಿ.

ನನ್ನ ಹಾಗೆ ಈಗಾಗಲೇ ಯಾರ ಕೈಯಲ್ಲೋ ಎಬ್ಬಿಸಿಕೊಂಡು ಓಡಿಸುತ್ತಿದ್ದೀರಾ? ಇವತ್ತು ರಾತ್ರಿ ಅದನ್ನು ಚಾರ್ಜ್‌ಗೆ ಹಾಕಬೇಡಿ. ಮನೆಯಿಂದ ಹೊರಗೆ, ಗೋಡೆ ಗಿಡ ಗಾಡಿಗಳಿಂದ ದೂರ, ಮಳೆ ಬೀಳದ ಕಡೆ ಇಟ್ಟುಬಿಡಿ. ಬೆಳಿಗ್ಗೆ ಮೊದಲು ಗಾಡಿ ಕೊಟ್ಟ ಅಂಗಡಿಗೆ ಫೋನ್ ಮಾಡಿ.