ಬಣ್ಣದ ವರದಿಗೆ ಒಂದು ನಕ್ಷತ್ರ, ಶನಿವಾರದ ಮೇಡಂಗೆ ಐದು

ಜೂನ್ ಮೊದಲ ವಾರ ಮಗಳನ್ನು ಕರೆದುಕೊಂಡು ತುಮಕೂರಿನ ಒಂದು ಶಿಕ್ಷಣ ಸಲಹಾ ಕೇಂದ್ರಕ್ಕೆ ಹೋಗಿದ್ದೆ. ಪಾವಗಡದಲ್ಲಿ ಬೆಳಗ್ಗೆ ಆರಕ್ಕೆ ಬಸ್ ಹತ್ತಿದವರು ನಾವು. ಮಧುಗಿರಿ ದಾಟಿ ಊರು ಸೇರುವಷ್ಟರಲ್ಲಿ ಮಗಳು ಎರಡು ನಿದ್ದೆ ಮುಗಿಸಿದ್ದಳು. ಕೇಂದ್ರದ ಹೆಸರು ಬರೆಯುವುದಿಲ್ಲ, ಏಕೆಂದರೆ ಬೈಯುವುದು ಸ್ವಲ್ಪ ಜಾಸ್ತಿಯೇ ಇದೆ. ಶುಲ್ಕ 1,800 ರೂಪಾಯಿ. ನಾನು ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವವಳು, ಕೊಟ್ಟ ದುಡ್ಡಿಗೆ ಏನು ಬಂತು ಎಂದು ನೋಡದೆ ಬಿಡುವ ಪೈಕಿ ಅಲ್ಲ.

ಮಗಳಿಗೆ ಕರೆಂಟಿನ ಹುಚ್ಚು ಹಿಡಿದದ್ದಕ್ಕೆ ನಮ್ಮ ಊರೇ ಕಾರಣ. ತಿರುಮಣಿ ಸುತ್ತಲಿನ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಎದ್ದು ನಿಂತಿದೆಯಲ್ಲ, ಅದರಲ್ಲಿ ನನ್ನ ಗಂಡನ ಮನೆಯವರ ನಾಲ್ಕು ಎಕರೆಯೂ ಸೇರಿದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ. ಮಳೆ ಬಂದರೆ ಕಡಲೆಕಾಯಿ, ಬಾರದಿದ್ದರೆ ಸಾಲ ಎಂಬಂತಿದ್ದ ನೆಲ ಅದು. 2018ರಲ್ಲಿ ಪಾರ್ಕ್ ಉದ್ಘಾಟನೆಯಾದಾಗ ಇವಳು ಪ್ರಾಥಮಿಕ ಶಾಲೆಯ ಹುಡುಗಿ. ಈಗ ಪಿಯುಸಿ ವಿಜ್ಞಾನ ಮುಗಿಸಿದ್ದಾಳೆ. ಸಿಇಟಿಯಲ್ಲಿ ಬಂದ ರ‍್ಯಾಂಕಿಗೆ ಸರ್ಕಾರಿ ಎಂಜಿನಿಯರಿಂಗ್ ಸೀಟು ದೂರದ ಮಾತು, ಮ್ಯಾನೇಜ್‌ಮೆಂಟ್ ಸೀಟು ನಮ್ಮ ಜೇಬಿಗೆ ಇನ್ನೂ ದೂರ. ಹಾಗಾಗಿ ಬಿ.ಎಸ್ಸಿ. ಯಾವ ವಿಷಯ ತೆಗೆದುಕೊಂಡರೆ ಇಂಧನ ಕ್ಷೇತ್ರದಲ್ಲಿ ಕೆಲಸ ಸಿಕ್ಕೀತು? ಕೇಳಲು ಹೋದದ್ದು ಇದೊಂದೇ ಪ್ರಶ್ನೆ.

ಮೊದಲ ಒಂದು ಗಂಟೆ ಶುದ್ಧ ದಂಡ. ಮಗಳನ್ನು ಕಂಪ್ಯೂಟರ್ ಮುಂದೆ ಕೂರಿಸಿ ನೂರಕ್ಕೂ ಹೆಚ್ಚು ಪ್ರಶ್ನೆ ಕೇಳಿದರು. ‘ನಿಮಗೆ ಸಂತೆಯಲ್ಲಿರುವುದು ಇಷ್ಟವೋ, ಗ್ರಂಥಾಲಯದಲ್ಲಿರುವುದೋ’ ಎಂಬ ಜಾತಿಯವು. ಆಮೇಲೆ ನುಣುಪು ಕಾಗದದ 22 ಪುಟಗಳ ವರದಿ ಬಂತು. ಒಳಪುಟದಲ್ಲಿ ಮಗಳ ಹೆಸರೇ ತಪ್ಪು. ಬಿ.ಎಸ್ಸಿ. ಮಾಡಿ ವಿದ್ಯುತ್ ಪ್ರಸರಣ ನಿಗಮದಲ್ಲಿ ಸಹಾಯಕ ಎಂಜಿನಿಯರ್ ಆಗಬಹುದು ಎಂದು ಬರೆದಿತ್ತು. ಆ ಹುದ್ದೆಗೆ ಬಿ.ಇ. ಬೇಕೆಂದು ನಮ್ಮೂರಿನ ಲೈನ್‌ಮನ್ ಕೂಡ ಹೇಳುತ್ತಾನೆ. ಕೊನೆಗೆ ಟೈ ಕಟ್ಟಿದ ಹುಡುಗನೊಬ್ಬ ಬಂದು, ಬೆಂಗಳೂರಿನ ಹೊರಗಿನ ಒಂದು ಖಾಸಗಿ ಕಾಲೇಜಿನ ಹೆಸರನ್ನು ಮೂರು ಸಲ ಹೇಳಿದ. ಅಲ್ಲಿ ‘ನವೀಕರಿಸಬಹುದಾದ ಇಂಧನ’ ಎಂಬ ಹೆಸರಿನದೇ ಪದವಿ ಇದೆಯಂತೆ. ಪಠ್ಯ ತೋರಿಸಪ್ಪ ಎಂದೆ. ಕಟ್ಟಡದ ಫೋಟೊ ತೋರಿಸಿದ.

ಎದ್ದು ಹೊರಡುವವಳಿದ್ದೆ. ಅಷ್ಟರಲ್ಲಿ ಮೂಲೆಯ ಕೋಣೆಯಿಂದ ಒಬ್ಬರು ಕರೆದರು. ನಿವೃತ್ತ ಭೌತಶಾಸ್ತ್ರ ಉಪನ್ಯಾಸಕಿ, ಶನಿವಾರ ಮಾತ್ರ ಬಂದು ಕೂರುತ್ತಾರೆ. ನಾನು ಬಾಯಿ ತೆರೆಯುವ ಮೊದಲೇ, “ಅಮ್ಮ, ನೀವು ಸ್ವಲ್ಪ ಹೊತ್ತು ಸುಮ್ಮನಿರಿ, ಓದುವವಳು ಮಾತಾಡಲಿ” ಎಂದರು. ಸುಮ್ಮನಾದೆ.

ಮಗಳು ತನ್ನ ಮಾವನ ಮನೆಯ ಚಾವಣಿಯ ಪ್ಯಾನೆಲ್ ವಿಷಯ ಎತ್ತಿದಳು. ಅದರ ಲೆಕ್ಕ ಮೊಬೈಲಿನಲ್ಲಿ ಕಾಣುತ್ತದೆ. ಫೆಬ್ರವರಿಗಿಂತ ಏಪ್ರಿಲ್ ಮಧ್ಯಾಹ್ನ ಬಿಸಿಲು ಜೋರು, ಕರೆಂಟು ಮಾತ್ರ ಕಡಿಮೆ, ಅದು ಹೇಗೆ ಮೇಡಂ ಎಂದಳು. ಇದನ್ನು ಇವಳು ನೋಡಿಟ್ಟಿದ್ದಾಳೆಂದು ನನಗೂ ಗೊತ್ತಿರಲಿಲ್ಲ! ಮೇಡಂ ಆ ಬಣ್ಣದ ವರದಿಯನ್ನೇ ಮಗುಚಿ ಹಾಕಿ ಬೆನ್ನಿನ ಮೇಲೆ ಪೆನ್ಸಿಲ್ ಇಟ್ಟರು. ಪ್ಯಾನೆಲಿನ ಮೇಲೆ ಬರೆದ ವಾಟ್ 25 ಡಿಗ್ರಿಗೆ ಅಳೆದದ್ದು. ಅಲ್ಲಿಂದ ಮೇಲೆ ಒಂದೊಂದು ಡಿಗ್ರಿಗೂ ನೂರಕ್ಕೆ ಸುಮಾರು 0.35ರಷ್ಟು ಇಳಿಯುತ್ತದೆ. ಪಾವಗಡದ ಬೇಸಿಗೆಯಲ್ಲಿ ಪ್ಯಾನೆಲಿನೊಳಗಿನ ಸಿಲಿಕಾನ್ 65 ಡಿಗ್ರಿಗೆ ಕಾದರೆ ನೂರಕ್ಕೆ 14 ಹೋಯಿತು. “ಬೆಳಕು ಬೇಕು, ಬಿಸಿ ಬೇಡ. ಬಿಸಿಯಾದರೆ ವೋಲ್ಟೇಜ್ ಇಳಿಯುತ್ತದೆ. ಏಕೆ ಇಳಿಯುತ್ತದೆ ಎಂದು ತಿಳಿಯುವ ಆಸೆ ನಿನಗಿದ್ದರೆ ಅದು ಭೌತಶಾಸ್ತ್ರ.” ಅದೇ ಬಿಸಿಲಿನ ಕರೆಂಟನ್ನು ರಾತ್ರಿಗೆ ಕೂಡಿಡುವುದು ಹೇಗೆ ಎಂದು ತಲೆ ಕೆಡಿಸಿಕೊಳ್ಳುವುದಾದರೆ ರಸಾಯನಶಾಸ್ತ್ರ, ಲಿಥಿಯಂ ಅಯಾನ್ ಬ್ಯಾಟರಿ ಕಟ್ಟಿದವರಿಗೆ 2019ರಲ್ಲಿ ನೊಬೆಲ್ ಬಂದದ್ದೂ ಆ ವಿಭಾಗದಲ್ಲೇ. ನಾಳೆ ಎಷ್ಟು ಮೋಡ, ಎಷ್ಟು ಕರೆಂಟು ಎಂದು ದಿನವನ್ನು ಹದಿನೈದು ನಿಮಿಷದ 96 ತುಂಡು ಮಾಡಿ ಮೊದಲೇ ತಿಳಿಸಬೇಕಾದ ಕೆಲಸವೊಂದಿದೆ, ಅದಕ್ಕೆ ಗಣಿತ, ಸಂಖ್ಯಾಶಾಸ್ತ್ರದವರು ಬೇಕು. ತಂತಿ, ಟ್ರಾನ್ಸ್‌ಫಾರ್ಮರ್, ಸಬ್‌ಸ್ಟೇಷನ್ ಎಂಜಿನಿಯರ್‌ಗಳ ಪಾಲು, ಅತ್ತ ಬಿ.ಎಸ್ಸಿ. ಹಿಡಿದುಕೊಂಡು ಹೋಗಿ ಕಣ್ಣೀರು ಹಾಕಬೇಡ ಎಂದು ನೇರವಾಗಿಯೇ ಹೇಳಿದರು.

ಇನ್ನೊಂದು ಮಾತು ನನಗೆ ಲೆಕ್ಕದ ಪುಸ್ತಕದಷ್ಟು ಸ್ಪಷ್ಟವಾಗಿ ಅರ್ಥವಾಯಿತು. ಬರೀ ಬಿ.ಎಸ್ಸಿ.ಗೆ ಈ ಕ್ಷೇತ್ರದಲ್ಲಿ ಬಾಗಿಲು ಕಡಿಮೆ, ಎಂ.ಎಸ್ಸಿ. ತನಕ ಓದುವ ಮನಸ್ಸಿದ್ದರೆ ಮಾತ್ರ ಬಾ. ಬಾರ್ಕ್ ಅಂದರೆ ಭಾಭಾ ಅಣು ಸಂಶೋಧನಾ ಕೇಂದ್ರ, ಅದರ ತರಬೇತಿ ಶಾಲೆ ಭೌತ, ರಸಾಯನ ಎರಡೂ ವಿಷಯದ ಎಂ.ಎಸ್ಸಿ. ಮಾಡಿದವರನ್ನು ತೆಗೆದುಕೊಳ್ಳುತ್ತದೆ. ಕಾರ್ಖಾನೆಗಳ ವಿದ್ಯುತ್ ಪೋಲನ್ನು ಹಿಡಿಯುವ ಎನರ್ಜಿ ಆಡಿಟರ್ ಪರೀಕ್ಷೆ ಇದೆ. ಅದಕ್ಕೆ ರಸಾಯನಶಾಸ್ತ್ರದ ಎಂ.ಎಸ್ಸಿ. ಆದವರೂ ಪದವಿಯಲ್ಲಿ ಭೌತಶಾಸ್ತ್ರ, ಗಣಿತ ಓದಿರಬೇಕು, ಮೇಲೆ ಅನುಭವವೂ ಬೇಕು. ಆಡಿಟ್ ಎಂಬ ಶಬ್ದ ಕೇಳಿ ನನ್ನ ಕಿವಿ ನೆಟ್ಟಗಾದದ್ದು ಸುಳ್ಳಲ್ಲ.

ಮಗಳ ಗೆಳತಿಯರೆಲ್ಲ ಭೌತ, ಗಣಿತ, ಕಂಪ್ಯೂಟರ್ ಗುಂಪಿಗೆ ಓಡಿದ್ದಾರೆ. ಇವಳಿಗೂ ರಸಾಯನಶಾಸ್ತ್ರ ಎಂದರೆ ಮುಖ ಸಿಂಡರಿಸುತ್ತದೆ. “ಕಂಪ್ಯೂಟರ್ ಆಮೇಲೆ ಬೇಕಾದರೂ ಕಲಿಯಬಹುದು. ಪದವಿಯಲ್ಲಿ ರಸಾಯನ ಬಿಟ್ಟರೆ ಆ ಎಂ.ಎಸ್ಸಿ.ಗೆ ಮತ್ತೆ ಹೋಗಲಾಗದು ಕಣಮ್ಮ” ಎಂದರು ಮೇಡಂ. ಬಸ್ಸಿನಲ್ಲಿ ವಾಪಸ್ ಬರುವಾಗ ಮಗಳು ಮಧುಗಿರಿಯವರೆಗೂ ಮಾತಾಡಲಿಲ್ಲ. ಬೆಟ್ಟ ಹಿಂದೆ ಸರಿದ ಮೇಲೆ, “ಭೌತ, ರಸಾಯನ, ಗಣಿತವೇ ಇರಲಿ” ಎಂದಳು. ಈಗ ತುಮಕೂರಿನಲ್ಲೇ ಸರ್ಕಾರಿ ಕಾಲೇಜಿಗೆ ಸೇರಿದ್ದಾಳೆ, ಹಾಸ್ಟೆಲಿನಲ್ಲಿದ್ದಾಳೆ. ರಸಾಯನದ ಮೇಲೆ ಇನ್ನೂ ಗೊಣಗಾಟ ನಿಂತಿಲ್ಲ.

ಕೇಂದ್ರದ ಬಗ್ಗೆ ಉಳಿದದ್ದು: ರಸೀದಿ ಕೇಳಿದ್ದಕ್ಕೆ ವಿಸಿಟಿಂಗ್ ಕಾರ್ಡಿನ ಹಿಂದೆ ‘1,800 ಸಂದಿದೆ’ ಎಂದು ಗೀಚಿ ಕೊಟ್ಟರು. ನಾನು ಕದಲದೆ ನಿಂತ ಮೇಲೆ ನಂಬರಿರುವ ರಸೀದಿ ಪುಸ್ತಕ ಡ್ರಾಯರ್‌ನಿಂದ ಹೊರಬಂತು. ಆ ಖಾಸಗಿ ಕಾಲೇಜಿನಿಂದ ನಾಲ್ಕು ಸಲ ಫೋನ್ ಬಂದಿದೆ. ನಮ್ಮ ನಂಬರನ್ನು ಯಾರು ಕೊಟ್ಟರೋ ಕೇಳಬೇಕಾಗಿಲ್ಲ. ಮೇಡಂಗೆ ಮಾತ್ರ ಪ್ರತ್ಯೇಕ ಶುಲ್ಕವಿಲ್ಲ, ಬೋರ್ಡಿನಲ್ಲಿ ಅವರ ಹೆಸರೂ ಇಲ್ಲ. ಇಂಥ ಕಡೆ ಹೋಗುವವರು ಮೊದಲೇ ಫೋನ್ ಮಾಡಿ, ಪಾಠ ಹೇಳಿದ ಅನುಭವ ಇರುವವರು ಯಾವ ದಿನ ಬರುತ್ತಾರೆ ಎಂದು ವಿಚಾರಿಸಿ ಹೊರಡಿ. ಕಂಪ್ಯೂಟರ್ ಪರೀಕ್ಷೆ ಬೇಡ ಎಂದರೆ ಶುಲ್ಕ ಕಡಿಮೆ ಮಾಡುತ್ತಾರೆಯೇ ಎಂದು ನಾನು ಕೇಳಲಿಲ್ಲ, ನೀವು ಕೇಳಿ ನೋಡಿ.