ರೇಡಾನ್ ಮೀಟರ್: ಮನೆಗೆ ಸರಿ, ಗುಹೆಗೆ ಸುಮ್ನೆ ಭಾರ

ಮೊದಲೇ ಹೇಳಿಬಿಡುತ್ತೇನೆ, ಯಂತ್ರ ಕೆಟ್ಟದ್ದಲ್ಲ. ಆದರೆ ರಜೆ ಸಿಕ್ಕಾಗ ಗುಹೆ ನುಗ್ಗುವ ನಮ್ಮಂಥವರಿಗೆ ಇದು ಬೇಡ.

ಅಂಗೈಯಗಲದ ಬಿಳಿ ಡಬ್ಬಿ, ಮೂರು ಪೆನ್ಸಿಲ್ ಸೆಲ್, ಒಂದು ಚಿಕ್ಕ ಪರದೆ. ಶಿವಮೊಗ್ಗದ ಅಂಗಡಿಗಳಲ್ಲಿ ಸಿಗಲಿಲ್ಲ, ಆನ್‌ಲೈನ್‌ನಲ್ಲೇ ತರಿಸಿದೆವು. ರೇಡಾನ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಕಲ್ಲು ಮಣ್ಣಿನಲ್ಲಿರುವ ಚೂರುಪಾರು ಯುರೇನಿಯಂನಿಂದ ಹುಟ್ಟುವ ವಿಕಿರಣ ಅನಿಲ ಇದು. ಬಯಲಲ್ಲಿ ಗಾಳಿಗೆ ಹಾರಿಹೋಗುತ್ತದೆ, ಬಾಯಿ ಕಿರಿದಾದ ಆಳದ ಗುಹೆಯಲ್ಲಿ ಮಾತ್ರ ಅಲ್ಲೇ ಕೂರುತ್ತದೆ, ಅದು ಒಡೆದಾಗ ಬರುವ ಪೊಲೋನಿಯಂ ಕಣಗಳು ಧೂಳಿಗೆ ಅಂಟಿಕೊಂಡು ಉಸಿರಿನ ಜೊತೆ ಒಳಗೆ ಹೋಗಿ ಶ್ವಾಸಕೋಶಕ್ಕೆ ಹಾನಿ ಮಾಡುತ್ತವೆ. ಕೆಮ್ಮಿಲ್ಲ, ತಲೆನೋವಿಲ್ಲ. ಎಷ್ಟೋ ವರ್ಷ ಕಳೆದ ಮೇಲೆ ಕ್ಯಾನ್ಸರ್ ಬರಬಹುದು, ಅಷ್ಟೇ.

ಸರಿ, ಮೀಟರನ್ನು ಕೊಡಚಾದ್ರಿಗೆ ಒಯ್ದೆವು. ಸರ್ವಜ್ಞ ಪೀಠದಿಂದ ಕೆಳಗಿಳಿದು ಚಿತ್ರಮೂಲ ಗುಹೆಯಲ್ಲಿ ಕೂತು ಚಿತ್ರಾನ್ನ ಮುಗಿಸಿದರೂ ಪರದೆ ಮೇಲೆ ಬರೀ ಗೀಟುಗಳು. "ಏನು ಭಾವ, ದುಡ್ಡು ನೀರುಪಾಲಾ?" ಅಂದ ಜೊತೆಗಿದ್ದವನು. ಮೊದಲ ಅಂಕಿ ಬರಲಿಕ್ಕೇ ಇದಕ್ಕೆ ಒಂದು ದಿನ ಬೇಕು, ನಂಬುವಂಥ ಸರಾಸರಿಗೆ ವಾರಗಟ್ಟಲೆ. ಸಾಲದ್ದಕ್ಕೆ ಮಂಜು ಸುರಿದು ಗಾಜಿನ ಒಳಬದಿಗೂ ಹನಿ ಕಟ್ಟಿತು. ಅಲ್ಲದೆ ಚಿತ್ರಮೂಲ ಗಾಳಿಗೆ ತೆರೆದ ಬಂಡೆಯ ಪೊಟರೆ, ಅಲ್ಲಿ ರೇಡಾನ್ ನಿಲ್ಲುವುದಾದರೂ ಹೇಗೆ?

ಮೀಟರ್‌ಗಿಂತ ಲೆಕ್ಕ ವಾಸಿ. ಎಷ್ಟು ರೇಡಾನ್ ಅನ್ನುವುದರಷ್ಟೇ ಎಷ್ಟು ಹೊತ್ತು ಅನ್ನುವುದೂ ಮುಖ್ಯ. ಗುಹೆಯಲ್ಲಿ ಘನ ಮೀಟರ್ ಗಾಳಿಗೆ 2000 ಬೆಕೆರಲ್ (ವಿಕಿರಣ ಅಳೆಯುವ ಮಾನ) ಇದೆ, ನೀವು 4 ಗಂಟೆ ಇದ್ದಿರಿ ಅಂದುಕೊಳ್ಳಿ. 100 ಬೆಕೆರಲ್ ಇರುವ ಕೋಣೆಯಲ್ಲಿ ದಿನಕ್ಕೆ 8 ಗಂಟೆಯಂತೆ ಹತ್ತು ರಾತ್ರಿ ಮಲಗಿದರೂ ಹೆಚ್ಚು ಕಡಿಮೆ ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆ ಮನೆಗಳಿಗೆ ಹೇಳುವ ಮಟ್ಟವೂ ಆ 100. ಹಾಗಂತ ಎಲ್ಲ ಗುಹೆಯೂ ಒಂದೇ ಅಲ್ಲ, ಕೆಲವು ಕಡೆ ಹತ್ತಾರು ಸಾವಿರ ದಾಟುತ್ತದೆ, ಇಂಗ್ಲೆಂಡಿನ ಡರ್ಬಿಶೈರ್‌ನ ಜೈಂಟ್ಸ್ ಹೋಲ್ ಗುಹೆ ಇದಕ್ಕೇ ಹೆಸರಾಗಿದೆ. ವರ್ಷಕ್ಕೊಮ್ಮೆ ಹೋಗುವವರಿಗಿಂತ ದಿನಾ ಜನರನ್ನು ಒಳಗೆ ಕರೆದೊಯ್ಯುವ ಗೈಡ್‌ಗಳ ಬಗ್ಗೆ ನನಗೆ ಚಿಂತೆ ಜಾಸ್ತಿ. ಅವರಿಗೆ ತಿಂಗಳುಗಟ್ಟಲೆ ಇಟ್ಟು ಲ್ಯಾಬಿಗೆ ಕಳಿಸುವ ಪ್ಲಾಸ್ಟಿಕ್ ತುಣುಕಿನ ಡಿಟೆಕ್ಟರ್ ಬರುತ್ತದೆ, ತೇವಕ್ಕೂ ಅಷ್ಟು ಬೇಗ ಹಾಳಾಗುವುದಿಲ್ಲ.

ಇನ್ನೊಂದು. ಬೀಡಿ ಸಿಗರೇಟು ಸೇದುವವರಿಗೆ ರೇಡಾನ್‌ನಿಂದ ಅಪಾಯ ಸೇದದವರಿಗಿಂತ ಸುಮಾರು 25 ಪಟ್ಟು ಅನ್ನುತ್ತದೆ ಅದೇ ಸಂಸ್ಥೆ. ಗುಹೆ ಬಾಯಲ್ಲಿ ನಿಂತು ದಮ್ ಎಳೆದು "ಒಳಗೆ ಗ್ಯಾಸ್ ಇದೆಯಂತೆ" ಅನ್ನುವವರಿಗೆ ಏನು ಹೇಳೋಣ? ಅಂದೇ ಪ್ರಾಣಕ್ಕೆ ಕುತ್ತು ತರುವುದು ಕಾರ್ಬನ್ ಡೈಆಕ್ಸೈಡ್. ಏದುಸಿರು ಬಂದರೆ, ತಲೆ ಭಾರವಾದರೆ ತಕ್ಷಣ ಹೊರಗೆ ಬನ್ನಿ. ಈ ಮೀಟರ್ ಅದನ್ನು ತೋರಿಸುವುದೂ ಇಲ್ಲ.

ಈಗ ಡಬ್ಬಿ ಮನೆಯಲ್ಲಿದೆ. ಹೆಂಚಿನ ಮನೆಯ ಜಗಲಿಯಲ್ಲಿ ಅಂಕಿ ಏಳಲೇ ಇಲ್ಲ, ಸಂದುಗೊಂದಿನಲ್ಲೆಲ್ಲ ಗಾಳಿ ಆಡುತ್ತದಲ್ವಾ. ತಮ್ಮನ ಹೊಸ ತಾರಸಿ ಮನೆಯಲ್ಲಿ, ಮಳೆಗಾಲಕ್ಕೆ ಕಿಟಕಿ ಮುಚ್ಚಿದ ಕೆಳಕೋಣೆಯಲ್ಲಿ, ನಿಧಾನಕ್ಕೆ ಏರಿತು. ಕಿಟಕಿ ತೆಗೆದಿಟ್ಟ ಮೇಲೆ ಇಳಿಯಿತು. ಈ ಕೆಲಸಕ್ಕೆ ಮಾತ್ರ ಮೀಟರ್ ಚೆನ್ನಾಗಿದೆ. ಕೊಳ್ಳುವುದಾದರೆ ಬೆಕೆರಲ್‌ನಲ್ಲಿ ತೋರಿಸುವುದನ್ನೇ ಕೊಳ್ಳಿ. ಲೀಟರಿಗೆ ಇಷ್ಟು ಪಿಕೊಕ್ಯೂರಿ ಅನ್ನುವ ಇನ್ನೊಂದು ಮಾನದ್ದು ಬಂದರೆ ಬೆಕೆರಲ್‌ಗೆ ತರಲು ಪ್ರತಿ ಸಲ 37ರಿಂದ ಗುಣಿಸುತ್ತಾ ಕೂರಬೇಕು.